ಕ್ಲಿಯರಾಗಿ ಕೇಳಿಸ್ತಿದೆ ಸಾರ್

ಮಂಗಳಾರತಿ ಮುಗಿದು ಎಲ್ಲರೂ ಕಡಲೆಪುರಿಗೆ ಕೈಯೊಡ್ಡುತ್ತಿದ್ದ ಹೊತ್ತಿಗೆ ಸರಿಯಾಗಿ ಟ್ರಾನ್ಸ್‌ಮಿಟರಿನ ಹಸಿರು ದೀಪ ಆರಿ, ಕೆಂಪು ದೀಪ ಹೊತ್ತಿಕೊಂಡಿತು.

ಅದನ್ನು ಗಮನಿಸಿದವನು ಸೋಮನಾಥ ಒಬ್ಬನೇ. ಉಳಿದವರೆಲ್ಲ ಅದನ್ನು ಪೂಜೆಯ ಸೀರಿಯಲ್ ಸೆಟ್ಟಿನ ಇನ್ನೊಂದು ದೀಪ ಎಂದುಕೊಂಡರು. ಹಬ್ಬಕ್ಕೆ ನಾಳೆಯಿಂದ ರಜೆಯೆಂದು ಯಲಹಂಕದಾಚೆಯ ಒಂದು ವಿಶ್ವವಿದ್ಯಾಲಯ ಇವತ್ತೇ ಆಯುಧಪೂಜೆ ಇಟ್ಟುಕೊಂಡಿತ್ತು. ಅದರ ಬಾನುಲಿ ಕೇಂದ್ರದ ಟ್ರಾನ್ಸ್‌ಮಿಟರು ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಹೊಸ ಅಳಿಯನ ಹಾಗೆ ಬಿಗುಮಾನದಿಂದ ಕೂತಿತ್ತು. ಈಗ ಹೊಸ ಅಳಿಯನ ಹಾಗೆಯೇ, ಏನು ಕೇಳಿದರೂ ಮಾತಾಡಲೊಲ್ಲದು.

ಸೋಮನಾಥನ ಬೊಗಸೆಯ ಕಡಲೆಪುರಿ ಅರ್ಧ ನೆಲಕ್ಕೆ ಬಿತ್ತು.

ಅವನು ಆ ಕೇಂದ್ರದ ತಾಂತ್ರಿಕ ವಿಭಾಗದ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್ ಅಷ್ಟೇ. ಗದಗಿನಿಂದ ಬಂದು ಸೇರಿದಾಗಿನಿಂದ ಅವನ ನೌಕರಿ ಹನ್ನೊಂದು ತಿಂಗಳಿನದು. ಹನ್ನೊಂದು ತಿಂಗಳು ತುಂಬಿದ ಕೂಡಲೇ ಒಂದು ದಿನ ನೌಕರಿ ಇಲ್ಲದವನಾಗಿ ಮನೆಯಲ್ಲಿ ಕೂತು, ಮರುದಿನ ಹೊಸಬನ ಹಾಗೆ ಬಂದು ಸೇರಿಕೊಳ್ಳಬೇಕು. ಆ ಒಂದು ದಿನ ಅವನ ಹೆಂಡತಿ ಕೀರ್ತಿ ಅವನಿಗೆ ಚಹಾ ಕೊಡುವಾಗ ಲೋಟವನ್ನು ತುಸು ಜೋರಾಗಿಯೇ ಕುಕ್ಕುತ್ತಿದ್ದಳು. ಈ ವರ್ಷ ತಾಂತ್ರಿಕ ವಿಭಾಗಕ್ಕೆ ಒಂದೇ ಒಂದು ಖಾಯಂ ಹುದ್ದೆ ಮಂಜೂರಾಗಿತ್ತು. ಅದು ಯಾರಿಗೆ ಎಂದು ತೀರ್ಮಾನಿಸಲು ನಂದಕುಮಾರ್ ಎಂಬ ಹಿರಿಯ ಅಧಿಕಾರಿಯ ಸಮಿತಿ ಇವತ್ತೇ ಮಧ್ಯಾಹ್ನ ಬರುವುದಿತ್ತು. ಬಂದು, ರೇಡಿಯೋ ಹೇಗೆ ಕೇಳಿಸುತ್ತದೆಂದು ನೋಡಿ, ಹೋಗುವ ಮುಂಚೆ ಹೆಸರು ಹೇಳಿಬಿಡುತ್ತಾರಂತೆ.

"ಏನ್ರೀ ಸೋಮನಾಥ್, ಮುಖ ಯಾಕ್ ಹಂಗಾಗಿದೆ? ಕಡ್ಲೆಪುರಿ ಖಾರ ಆಯ್ತಾ?" ಎಂದಳು ಪದ್ಮಶ್ರೀ. ಅವಳು ಕಾರ್ಯಕ್ರಮಗಳ ಮುಖ್ಯಸ್ಥೆ. ಮೈಕಿನ ಮುಂದೆ ಎಷ್ಟು ನಿಧಾನವಾಗಿ ಮಾತಾಡುತ್ತಿದ್ದಳೋ ಹೊರಗೆ ಅಷ್ಟೇ ಅವಸರ.

"ಟ್ರಾನ್ಸ್‌ಮಿಟರ್ ಬಂದ್ ಆಗೈತ್ರಿ ಮೇಡಂ."

"ಅಯ್ಯೋ! ನಂದಕುಮಾರ್ ಸರ್ ಬರ್ತಾರೆ ಕಣ್ರೀ ಇವತ್ತು! ಆಫ್ ಮಾಡಿ ಆನ್ ಮಾಡಿ, ಎಲ್ಲಾ ಸರಿಹೋಗುತ್ತೆ."

ಸೋಮನಾಥ ಆಫ್ ಮಾಡಿ ಆನ್ ಮಾಡಿದ. ಹಸಿರು ದೀಪ ಬಂತು. ಪವರ್ ತೋರಿಸುವ ಮೀಟರಿನ ಮುಳ್ಳು ಮೆಲ್ಲಗೆ ಏರಿತು. ಅವನು ಉಸಿರು ಬಿಡುವಷ್ಟರಲ್ಲಿ ಕೆಳಗೆ ಕುಸಿದು ಬಿತ್ತು. ಕೆಂಪು ದೀಪ. ಮತ್ತೆ ಮಾಡಿದ. ಮತ್ತೆ ಏರಿತು, ಮತ್ತೆ ಬಿತ್ತು. ಹಬ್ಬದ ಹಿಂದಿನ ದಿನ ಕೆಲಸಕ್ಕೆ ಬಂದ ಗುಮಾಸ್ತನ ಹಾಗೆ, ಎದ್ದಂತೆ ಮಾಡಿ ಕೂತುಬಿಡುತ್ತಿತ್ತು.

ಸುದ್ದಿ ಕೇಳಿ ಎಲೆಕ್ಟ್ರಿಷಿಯನ್ ದಸ್ತಗೀರ್ ಟೆಸ್ಟರ್ ಹಿಡಿದು ಓಡಿ ಬಂದ. ಟೆಸ್ಟರಿನ ಹಿಡಿಗೆ ಯಾರೋ ಕುಂಕುಮ ಇಟ್ಟಿದ್ದರು; ಅವನು ಅದು ಅಳಿಸದಂತೆ ತುದಿಬೆರಳಲ್ಲಿ ಹಿಡಿದುಕೊಂಡಿದ್ದ.

"ಅರ್ಥಿಂಗ್ ಸಾರ್," ಎಂದ, ಟ್ರಾನ್ಸ್‌ಮಿಟರಿನ ಕಡೆ ತಿರುಗಿಯೂ ನೋಡದೆ.

ದಸ್ತಗೀರನ ಮಟ್ಟಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ರೋಗ. ಫ್ರಿಜ್ಜು ಕೆಟ್ಟರೂ ಅರ್ಥಿಂಗು, ಫ್ಯಾನು ಗೊರಗುಟ್ಟಿದರೂ ಅರ್ಥಿಂಗು. ಹೋದ ವಾರ ಅವನಿಗೇ ಸೊಂಟ ಹಿಡಿದಾಗಲೂ ಬರಿಗಾಲಲ್ಲಿ ನಡೆಯದ್ದರಿಂದ ಅರ್ಥಿಂಗ್ ತಪ್ಪಿದೆ ಎಂದಿದ್ದ. ಕಟ್ಟಡದ ಹಿಂದಿನ ಅರ್ಥಿಂಗ್ ಗುಂಡಿಗೆ ಉಪ್ಪು ಸುರಿದು ಎರಡು ಬಕೆಟ್ ನೀರು ಹೊಯ್ದು ಬಂದ. ಕೆಂಪು ದೀಪ ಕೆಂಪಾಗಿಯೇ ಇತ್ತು.

"ನಿಂಬೆಹಣ್ಣು ಮಡಗಿಲ್ವಲ್ಲಾ ಸಾರ್, ಅದ್ಕೆಯ," ಎಂದ ವಾಚ್‌ಮನ್ ಮುನಿಕೃಷ್ಣಪ್ಪ. ಈ ಕಟ್ಟಡ ನಿಂತಿರುವ ಜಾಗ ಒಂದು ಕಾಲಕ್ಕೆ ಅವನ ತಂದೆಯ ದ್ರಾಕ್ಷಿ ತೋಟ. ಹಾಗಾಗಿ ಕೇಂದ್ರದ ಎಲ್ಲ ವಿಷಯದಲ್ಲೂ ತನಗೊಂದು ಮಾತಿದೆ ಎಂದು ಅವನು ತಿಳಿದಿದ್ದ. "ಎಂಗೆ ಓಡ್ತದೆ ಸಾರ್ ಅದು? ದೃಷ್ಟಿ ತಗುಲ್ಬುಟ್ಟದೆ."

ಡಿಪ್ಲೊಮಾ ಓದಿದ ಸೋಮನಾಥ ಆಚೀಚೆ ನೋಡಿ ತಾನೇ ಒಂದು ನಿಂಬೆಹಣ್ಣು ತಂದಿಟ್ಟ. ಪದ್ಮಶ್ರೀ ಹಾರ ಫ್ಯಾನಿಗೆ ಅಡ್ಡ ಬಂದಿದೆ ಎಂದಳು, ಹಾರ ತೆಗೆದ. ತೆಗೆದಿದ್ದಕ್ಕೆ ಮುನಿಕೃಷ್ಣಪ್ಪ ಬಾಯಿ ಬಡಿದುಕೊಂಡ, ಮತ್ತೆ ಹಾಕಿದ. ಮುಳ್ಳು ಏರುತ್ತಿತ್ತು, ಬೀಳುತ್ತಿತ್ತು.

ಮುಳ್ಳೇ ಸುಳ್ಳು ಹೇಳುತ್ತಿದ್ದರೆ? ಹೊರಗೆ ಚೆನ್ನಾಗಿಯೇ ಕೇಳಿಸುತ್ತಿದ್ದರೆ? ಹೀಗನ್ನಿಸಿದ್ದೇ ಸೋಮನಾಥ ಟಿ. ದಾಸರಹಳ್ಳಿಯ ಶೇಖರಪ್ಪನಿಗೆ ಫೋನ್ ಹಚ್ಚಿದ. ಶೇಖರಪ್ಪ ಪೀಣ್ಯದ ಫ್ಯಾಕ್ಟರಿಯೊಂದರಿಂದ ನಿವೃತ್ತನಾದವನು, ಅವನ ಕಡೆಯವನೇ, ಮೇಲಾಗಿ ಕೇಂದ್ರದ ಶ್ರೋತೃ ಸಂಘದ ಅಧ್ಯಕ್ಷ.

"ಕಾಕಾ, ನಮ್ಮ ರೇಡಿಯೋ ಕೇಳಸಾಕತ್ತೈತೇನ್ರಿ?"

"ಕೇಳಸಾಕತ್ತೈತೇನ ಅಂದ್ರ? ಏ ಸೋಮೂ, ಗಂಟಿ ಬಾರಿಸಿದಂಗ ಕೇಳಸಾಕತ್ತೈತಿ!"

"ಈಗ? ಈಗಿಂದೀಗ?"

"ಈಗಿಂದೀಗ! ಎಷ್ಟ್ ಚಂದ ಮಾತಾಡ್ತಾಳಪಾ ಆ ಹುಡಿಗಿ."

ಸೋಮನಾಥನಿಗೆ ಜೀವ ಬಂತು. ಅಷ್ಟರಲ್ಲಿ ಫೋನಿನ ಆ ಕಡೆಯಿಂದ "ಯಾರ್ರೀ ಜಾಲಹಳ್ಳಿ ಕ್ರಾಸ್, ಬೇಗ ಇಳೀರಿ" ಎಂಬ ಕೂಗು ಕೇಳಿತು.

"ಕಾಕಾ, ನೀವ್ ಎಲ್ಲದೀರಿ?"

"ಬಸ್ಸಿನ್ಯಾಗ ಅದೀನಿ."

"ಮತ್ತ ರೇಡಿಯೋ?"

"ಅದನ್ನ ಮನ್ಯಾಗ ಹಚ್ಚಿ ಬಂದೀನಲ್ಲೋ! ಅದರ ಪಾಡಿಗೆ ಅದು ಹಾಡಾಕತ್ತೈತಿ. ನೀ ಏನ್ ಚಿಂತಿ ಮಾಡಬ್ಯಾಡ."

ಶೇಖರಪ್ಪ ಎಂದೂ ಯಾರಿಗೂ ಬೇಜಾರು ಮಾಡಿದವನಲ್ಲ. ಆಮೇಲೆ ಸೋಮನಾಥ ಫೋನ್ ಮಾಡಿದ ಸಂಘದ ಇತರರೂ ಹಾಗೇ. ಒಬ್ಬರು ನಾಗಸಂದ್ರದಿಂದ "ಕ್ಲಿಯರಾಗಿ ಕೇಳಿಸ್ತಿದೆ ಸಾರ್" ಎಂದರು. ಇನ್ನೊಬ್ಬರು ಹೆಬ್ಬಾಳದಿಂದ "ಸೂಪರ್ ಸಾರ್, ಪಕ್ಕದ ಮನೆಯಲ್ಲಿ ಕೂತು ಮಾತಾಡ್ದಂಗಿದೆ" ಎಂದರು. ಏನು ಬರುತ್ತಿದೆ ಎಂದು ಕೇಳಿದರೆ ಮಾತ್ರ ಅವರಿಗೆ ಯಾರೋ ಬಾಗಿಲು ಬಡಿದರು.

ಕೊನೆಗೆ ಸಹಕಾರನಗರದ ತನ್ನ ಬಾಡಿಗೆ ಮನೆಗೇ ಫೋನ್ ಮಾಡಿದ. ಕೀರ್ತಿ ಅವನ ಮನಸ್ಸಿಗೆ ಹಿತವಾಗಲೆಂದು ಸುಳ್ಳು ಹೇಳುವವಳಲ್ಲ. ಇದುವರೆಗೆ ಒಮ್ಮೆಯೂ ಹೇಳಿರಲಿಲ್ಲ.

"ರೇಡಿಯೋ ಬರಾಕತ್ತೈತೇನ?"

"ಬರಾಕತ್ತೈತ್ರಿ. ರೊಟ್ಟಿ ಬಡಕೋತ ಅದನ್ನ ಕೇಳಾಕತ್ತೀನಿ."

"ಏನ್ ಬರಾಕತ್ತೈತಿ? ಖರೇ ಹೇಳು."

"ದಾಸರ ಪದ. ಯಾರೋ ಗಂಟಲ ಕೆಟ್ಟಾಕಿ ಹಾಡಾಕತ್ತಾಳ."

ಸೋಮನಾಥ ಗಾಜಿನ ಗೋಡೆಯಾಚೆ ಸ್ಟುಡಿಯೋದೊಳಗೆ ನೋಡಿದ. ಸಂಗೀತ ವಿಭಾಗದ ಹುಡುಗಿಯೊಬ್ಬಳು ನೆಗಡಿಯ ಮೂಗಿನಲ್ಲೇ ದಾಸರ ಪದ ಹಾಡುತ್ತಿದ್ದಳು. ಯಂತ್ರ ಸತ್ತಿದೆ. ದೀಪ ಕೆಂಪಗಿದೆ. ಕಟ್ಟಡದಿಂದ ಒಂದು ಅಕ್ಷರವೂ ಆಚೆ ಹೋಗುತ್ತಿಲ್ಲ. ಆದರೆ ಅವಳ ನೆಗಡಿ ಸಹಕಾರನಗರ ಮುಟ್ಟಿದೆ.

"ಮನೆ ಮೇಡಂದು ನಂಬೋದಾ ಸಾರ್, ಮೆಷಿನ್‌ದು ನಂಬೋದಾ?" ಎಂದು ದಸ್ತಗೀರ್ ತಲೆ ಕೆರೆದುಕೊಂಡ. ತುಸು ಯೋಚಿಸಿ ತಾನೇ ಹೇಳಿದ, "ಮದ್ವೆ ಆದೋರು ಮೇಡಂದೇ ನಂಬ್ಬೇಕು ಬಿಡಿ."

"ಒಂದು ರೇಡಿಯೋ ಕೊಡ್ರಿ. ನಾನ ಕೇಳಿ ನೋಡ್ತೀನಿ," ಎಂದ ಸೋಮನಾಥ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಬಾನುಲಿ ಕೇಂದ್ರದಲ್ಲಿ ಮೈಕುಗಳಿದ್ದವು, ಕಂಪ್ಯೂಟರುಗಳಿದ್ದವು, ಗೋಡೆಯ ತುಂಬ ಪ್ರಶಸ್ತಿ ಫಲಕಗಳಿದ್ದವು. ರೇಡಿಯೋ ಮಾತ್ರ ಒಂದೂ ಇರಲಿಲ್ಲ. "ನಾವ್ಯಾಕ್ರೀ ಕೇಳ್ಬೇಕು? ನಾವೇ ಮಾತಾಡೋರಲ್ವಾ?" ಎಂದಳು ಪದ್ಮಶ್ರೀ.

ಕಡೆಗೆ ಮುನಿಕೃಷ್ಣಪ್ಪನ ಗೇಟಿನ ಕೋಣೆಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ್ದ ಹಳೆಯ ಸೆಟ್ಟೊಂದು ಸಿಕ್ಕಿತು. ಅದರ ಶೆಲ್ಲು ಮುಗಿದಿತ್ತು. ಪದ್ಮಶ್ರೀ ತನ್ನ ಕೋಣೆಯ ಏಸಿಯ ರಿಮೋಟಿನಿಂದ ಶೆಲ್ಲು ಕಿತ್ತು ಕೊಟ್ಟಳು. ಸೋಮನಾಥ ಗೇಟಿನ ಬಳಿ ನಿಂತು ಕಡ್ಡಿ ಎಳೆದು ತಿರುಗಿಸಿದ. ಬರೀ ಸೊಂಯ್ ಎಂಬ ಸದ್ದು. ಅದೇ ಹೊತ್ತಿಗೆ ಕೀರ್ತಿಯ ಫೋನು ಬಂತು.

"ಏನ್ರೀ, ನಿಮ್ಮ ರೇಡಿಯೋ ಬಂದಾತು. ಮೊಬೈಲ್ ಚಾರ್ಜ್ ಖಾಲಿ ಆಗೇತಿ. ಚಾರ್ಜಿಗೆ ಹಾಕಿ ಆಮ್ಯಾಲ ಕೇಳ್ತೀನಿ."

"ಮೊಬೈಲನ್ಯಾಗ ಕೇಳಾಕತ್ತಿದ್ದೇನು?"

"ಮತ್ತಿನ್ನೆಲ್ಲಿ? ಮನ್ಯಾಗ ರೇಡಿಯೋ ಎಲ್ಲೈತಿ? ಕೊಡಸ್ರಿ ಅಂದ್ರ ಖಾಯಂ ಆಗಲಿ ಅಂತೀರಿ."

ಸೋಮನಾಥ ಹಣೆ ಬಡಿದುಕೊಂಡ. ಮೊಬೈಲಿಗೆ ಹೋಗುವ ದನಿ ಸ್ಟುಡಿಯೋದಿಂದ ಇಂಟರ್ನೆಟ್ಟಿನಲ್ಲಿ ನೇರವಾಗಿ ಹೋಗುತ್ತಿತ್ತು. ಅದಕ್ಕೂ ಟ್ರಾನ್ಸ್‌ಮಿಟರಿಗೂ ಮುಖಪರಿಚಯವೂ ಇಲ್ಲ. ಅಂದರೆ ಮುಳ್ಳು ಹೇಳಿದ್ದೇ ನಿಜ. ಕೇಂದ್ರ ಬೆಳಗಿನಿಂದ ಮೂಕವಾಗಿದೆ. ಅವನು ಸೋತು ಆಕಾಶದ ಕಡೆ ಮುಖ ಎತ್ತಿದ.

ಎತ್ತಿದ ಮುಖ ಹಾಗೇ ನಿಂತಿತು.

ಕಟ್ಟಡದ ತಾರಸಿಯ ಮುಂಭಾಗದ ಅಂಚಿನಲ್ಲಿ ತೆಂಗಿನಮರದಷ್ಟು ಎತ್ತರದ ಟವರ್ ಇತ್ತು. ಅದರ ತುದಿಯ ಆಂಟೆನಾದ ಎರಡೂ ಪಕ್ಕದಲ್ಲಿ ಒಂದೊಂದು ಬಾಳೆಕಂದು ನೆಟ್ಟಗೆ ನಿಂತಿತ್ತು. ನಡುವೆ ಮಾವಿನ ತೋರಣ. ತೋರಣದ ಕೆಳಗೆ ಕುಂಕುಮ ಬಳಿದ ಬೂದುಗುಂಬಳ ಗಾಳಿಗೆ ಮೆಲ್ಲಗೆ ತೂಗುತ್ತಿತ್ತು.

"ಅದೇನದು?" ಎಂದು ಸೋಮನಾಥ ಪಿಸುಗುಟ್ಟಿದ.

"ನಮ್ ಭಾಮೈದ ಮುನೇಶ ಕಟ್ಟಿದ್ದು ಸಾರ್," ಎಂದ ಮುನಿಕೃಷ್ಣಪ್ಪ ಹೆಮ್ಮೆಯಿಂದ. ಮುನೇಶ ಆ ಟವರಿಗೆ ಬಣ್ಣ ಬಳಿಯಲು, ಬೋಲ್ಟು ಬಿಗಿಯಲು ಇದ್ದ ದಿನಗೂಲಿಯವನು. "ನೀವೆಲ್ಲಾ ಒಳಗೆ ಆರ್ತಿ ಮಾಡ್ತಿದ್ರಲ್ಲಾ, ಆವಾಗ ಅತ್ತಿದ್ದ. ಒಳಗಿರೋ ಪೆಟ್ಟಿಗೆಗೆ ಆರ ಆಕ್ತೀರ. ಊರಿಗೆಲ್ಲಾ ಕೂಗಿ ಏಳೋದು ಮೇಲಿರೋ ಅದಲ್ವಾ? ಬಾಯಿ ಬುಟ್ಟು ಒಟ್ಟೆಗೆ ಪೂಜೆ ಮಾಡುದ್ರೆ ಎಂಗೆ? ಕಟ್ತಾ ಇದ್ದಂಗೆ ಮೈಯೆಲ್ಲಾ ಜುಮ್ ಅಂತಂತೆ. ದೇವ್ರು ಒಪ್ಕೊಂತು ಭಾವ ಅಂದ."

ಒಪ್ಪಿಕೊಂಡದ್ದು ದೇವರಲ್ಲ, ಹರಿಯುತ್ತಿದ್ದ ಪವರ್ ಎಂದು ಸೋಮನಾಥನಿಗೆ ಗೊತ್ತಾಯಿತು. ಬಾಳೆಕಂದೆಂದರೆ ಮುಕ್ಕಾಲುಪಾಲು ನೀರು. ಅಷ್ಟು ನೀರನ್ನು ಪಕ್ಕಕ್ಕೇ ತಂದು ನಿಲ್ಲಿಸಿದರೆ ಆಂಟೆನಾ ತನಗೆ ಬಂದದ್ದನ್ನು ಗಾಳಿಗೆ ಬಿಡದೆ ವಾಪಸು ಕಳಿಸುತ್ತದೆ. ವಾಪಸು ಬಂದದ್ದನ್ನು ಕಂಡು ಟ್ರಾನ್ಸ್‌ಮಿಟರು ಸುಟ್ಟುಹೋಗುವ ಭಯಕ್ಕೆ ತಾನೇ ಬಂದ್ ಆಗುತ್ತದೆ. ಇದಿಷ್ಟೇ ಕಾಯಿಲೆ.

ಮುನೇಶನಿಗೆ ಫೋನ್ ಮಾಡಿದರೆ ಅವನು ಆಗಲೇ ದೊಡ್ಡಬಳ್ಳಾಪುರದ ರಸ್ತೆಯಲ್ಲಿದ್ದ. "ಮಾವನ ಮನೆಗೆ ಓಯ್ತಾ ಇವ್ನಿ ಸಾರ್. ಅಬ್ಬ ಮುಗಿಯೋಗಂಟ ಅದನ್ನ ಮುಟ್ಬೇಡಿ, ಒಳ್ಳೇದಲ್ಲ," ಎಂದು ಬೈಕಿನ ಸದ್ದಿನಲ್ಲಿ ಮಾಯವಾದ.

ಸೋಮನಾಥ ದಸ್ತಗೀರನ ಮುಖ ನೋಡಿದ.

"ಹತ್ತೋದೇನ್ ದೊಡ್ಡದಲ್ಲ ಸಾರ್," ಎಂದ ದಸ್ತಗೀರ್. "ಆದ್ರೆ ಹಬ್ಬದ ದಿನ ದಸ್ತಗೀರ್ ಬಾಳೆಕಂದು ಕಿತ್ತಾಕ್ದ ಅಂತ ಯಾರಾದ್ರೂ ವೀಡಿಯೋ ಮಾಡಿ ಬಿಟ್ರೆ, ಮುಂದಿನ ಹಬ್ಬದ ತನ್ಕ ನಾನ್ ಉತ್ರ ಕೊಡ್ತಾ ಕೂತಿರ್ಬೇಕು. ನಿಮ್ ಪೂಜೆ, ನೀವೇ ತೆಗೀರಿ. ಏಣಿ ಹಿಡ್ಕೋತೀನಿ, ಗಟ್ಟಿಯಾಗಿ."

ಮನೆಯಲ್ಲಿ ಬಲ್ಬು ಬದಲಾಯಿಸಬೇಕಾದರೂ ಸ್ಟೂಲು ಹತ್ತುತ್ತಿದ್ದವಳು ಕೀರ್ತಿ. ಸೋಮನಾಥ ಕೆಳಗೆ ನಿಂತು ಬಲ್ಬು ಕೊಡುತ್ತಿದ್ದ. ಅಂಥವನು ಟ್ರಾನ್ಸ್‌ಮಿಟರ್ ಆಫ್ ಮಾಡಿ, ಸೊಂಟಕ್ಕೆ ಬೆಲ್ಟು ಬಿಗಿದು, ಹಲ್ಲಿನಲ್ಲಿ ಕುಡುಗೋಲು ಕಚ್ಚಿ, ಕಣ್ಣು ಮುಚ್ಚಿ ಏರತೊಡಗಿದ. ಪ್ರತಿ ಮೆಟ್ಟಿಲಿಗೂ ಖಾಯಂ, ಖಾಯಂ ಎಂದು ಮನಸ್ಸಿನಲ್ಲಿ ಜಪ ಮಾಡಿಕೊಂಡ.

ತುದಿ ತಲುಪಿ ಒಂದು ಕಂದಿನ ಹಗ್ಗ ಕೊಯ್ದು, ಅದನ್ನು ಮಗುವಿನ ಹಾಗೆ ತಬ್ಬಿ ಕೆಳಗಿಳಿಸಿ ಕಂಬಿಗೆ ಸಿಕ್ಕಿಸಿದ. ಇನ್ನೊಂದನ್ನೂ ಸಡಿಲಿಸಿ ಪಕ್ಕಕ್ಕೆ ಸರಿಸಿದ. ಒಳಗೆ ತಡೆಯಲಾರದೆ ಪದ್ಮಶ್ರೀ ಸ್ವಿಚ್ ಒತ್ತಿಬಿಟ್ಟಳು. ಕೆಳಗೆ ಪೋರ್ಟಿಕೋದಲ್ಲಿ ನಿಂತಿದ್ದ ಮುನಿಕೃಷ್ಣಪ್ಪನ ಸೆಟ್ಟು ಥಟ್ಟನೆ ಹಾಡಿತು.

"ಬಂತು ಸಾರ್! ಬಂತು ಬಂತು!"

ಸೋಮನಾಥನ ಮೈಯೂ ಜುಮ್ ಎಂದಿತು. "ಆಫ್ ಮಾಡ್ರೀ!" ಎಂದು ಕಿರುಚುವ ಭರದಲ್ಲಿ ಅವನ ಮೊಣಕೈ ಬೂದುಗುಂಬಳಕ್ಕೆ ತಾಗಿತು. ಅದು ಹಗ್ಗ ಹರಿದುಕೊಂಡು, ತಾರಸಿಯ ಅಂಚು ದಾಟಿ, ಪೋರ್ಟಿಕೋದ ಮುಂದಿನ ರಸ್ತೆಗೆ ಹೋಗಿ ಧಡ್ ಎಂದು ಒಡೆಯಿತು. ಆ ಕ್ಷಣಕ್ಕೆ ಸರಿಯಾಗಿ ಗೇಟಿನೊಳಗೆ ಬಂದ ಬಿಳಿ ಕಾರು ಅದರ ಮುಂದೆಯೇ ಗಕ್ಕನೆ ನಿಂತಿತು.

ಕಾರಿನಿಂದ ಸಮಿತಿಯ ಇನ್ನಿಬ್ಬರ ಜೊತೆ ನಂದಕುಮಾರ್ ಇಳಿದರು. ಚಕ್ರದ ಮುಂದೆ ಕುಂಕುಮ ಕಾರುತ್ತ ಬಿದ್ದಿದ್ದ ಕುಂಬಳದ ಹೋಳು ನೋಡಿದರು. ತಲೆ ಎತ್ತಿ, ಟವರಿನ ತುದಿಯಲ್ಲಿ ಬಾಳೆಕಂದು ತಬ್ಬಿಕೊಂಡು ನಡುಗುತ್ತಿದ್ದ ಮನುಷ್ಯನನ್ನು ನೋಡಿದರು. ಸೋಮನಾಥನ ನೌಕರಿ ಅಲ್ಲಿಗೆ ಮುಗಿಯಿತೆಂದು ಕೆಳಗಿದ್ದ ಎಲ್ಲರಿಗೂ ಅನ್ನಿಸಿತು.

ನಂದಕುಮಾರ್ ಎರಡೂ ಕೈ ಜೋಡಿಸಿದರು.

"ಭೇಷ್! ನಮ್ ಕಾರು ಬರೋದೂ ಕುಂಬಳಕಾಯಿ ಒಡೆಯೋದೂ ಒಂದೇ ಆಯ್ತಲ್ರೀ! ಎಷ್ಟು ಕರಾರುವಾಕ್ಕು! ಯಾರದು ಮೇಲೆ?"

"ನಮ್ ಮ್ಯಾನೇಜ್ರು ಸಾರ್," ಎಂದ ಮುನಿಕೃಷ್ಣಪ್ಪ.

"ಮ್ಯಾನೇಜರೇ ಹತ್ತಿ ಕಟ್ತಾ ಇದಾರಾ? ಆದ್ರೆ ಬಲಗಡೆದು ವಾಲಿದೆ ನೋಡಿ. ಎಡಗಡೆದು ಕಳಚ್ಕೊಂಡೇ ಹೋಗಿದೆ. ಹಬ್ಬದ ದಿನ ಹಂಗೆ ಬಿಡ್ಬಾರ್ದು. ಬಿಗಿಯಾಗಿ ಕಟ್ಟೋಕೆ ಹೇಳಿ, ನಾವ್ ಕಾಯ್ತೀವಿ."

ಪದ್ಮಶ್ರೀ ಯಂತ್ರ ಆಫ್ ಮಾಡಿ ಏದುಸಿರು ಬಿಡುತ್ತ ತಾರಸಿಗೆ ಓಡಿ ಬಂದಳು. "ಸೋಮನಾಥ್! ಎರಡನ್ನೂ ಮತ್ತೆ ಕಟ್ಬೇಕಂತೆ! ಬಿಗಿಯಾಗಿ!"

"ಮೇಡಂ, ನಾ ಬಿಚ್ಚಾಕ ಹತ್ತೀನ್ರಿ!"

"ನಂಗೊತ್ತು ಕಣ್ರೀ! ಅವ್ರಿಗೆ ಗೊತ್ತಿಲ್ವಲ್ಲಾ! ನಿಮ್ಗೆ ಖಾಯಂ ಆಗ್ಬೇಕೋ ಬೇಡ್ವೋ?"

ಆಗಬೇಕು ಎಂದರೆ ರೇಡಿಯೋ ಕೇಳಿಸಬೇಕು. ಕೇಳಿಸಬೇಕೆಂದರೆ ಬಿಚ್ಚಬೇಕು. ಬಿಚ್ಚಿದರೆ ಸಾಹೇಬರಿಗೆ ಸಿಟ್ಟು. ಕಟ್ಟಿದರೆ ರೇಡಿಯೋ ಮೂಕ. ಅಷ್ಟು ಎತ್ತರದಲ್ಲಿ ನಿಂತು ಇದನ್ನೆಲ್ಲ ಬಿಡಿಸುವುದು ಅವನಿಂದ ಆಗಲಿಲ್ಲ. ಕೆಳಗೆ ಕೈ ಜೋಡಿಸಿ ನಿಂತವರು ಕಣ್ಣಿಗೆ ಬಿದ್ದರು. ಅವನು ಕಟ್ಟಿದ. ಮುನೇಶ ಕಟ್ಟಿದ್ದಕ್ಕಿಂತ ಚೆನ್ನಾಗಿಯೇ ಕಟ್ಟಿದ.

ಅವನು ಇಳಿದು ಬರುವಷ್ಟರಲ್ಲಿ ಸಮಿತಿಯ ಮೂವರೂ ಕುರ್ಚಿಯಲ್ಲಿ ಕೂತಿದ್ದರು. ಅಂಗಿ ಹರಿದು, ಕೈಗೆಲ್ಲ ಬಾಳೆಯ ಕರೆ ಮೆತ್ತಿ, ಸೋಮನಾಥ ನೀರಿಗೆ ಬಿದ್ದ ಬೆಕ್ಕಿನ ಹಾಗೆ ಬಂದು ನಿಂತ.

"ಸರಿ, ಈಗ ನಿಮ್ ರೇಡಿಯೋ ಕೇಳಿಸಿ," ಎಂದರು ನಂದಕುಮಾರ್.

ಮುನಿಕೃಷ್ಣಪ್ಪ ಸೆಟ್ಟು ತಿರುಗಿಸಿದ. ಸೊಂಯ್.

"ಇದೇನ್ರೀ ಇದು?"

"ಶೆಲ್ಲು ಡೌನು ಸಾರ್, ಏಸಿದು," ಎಂದ ಮುನಿಕೃಷ್ಣಪ್ಪ ತಡಮಾಡದೆ.

"ಅಯ್ಯೋ ಬಿಡಪ್ಪಾ, ಈ ಕಾಲ್ದಲ್ಲಿ ಇದನ್ನ ಯಾರ್ ಇಟ್ಕೋತಾರೆ," ಎಂದು ನಂದಕುಮಾರ್ ಜೇಬಿನಿಂದ ಮೊಬೈಲು ತೆಗೆದು ಒತ್ತಿದರು. ಪದ್ಮಶ್ರೀಯ ರೆಕಾರ್ಡಾದ ದನಿ ಜೇನಿನ ಹಾಗೆ ಸುರಿಯಿತು. ಮೂವರೂ ತಲೆದೂಗಿದರು. "ಆಹಾ! ಕ್ಲಿಯರಾಗಿ ಕೇಳಿಸ್ತಿದೆ."

ಸೋಮನಾಥನಿಗೆ ಅಳು ಬರುವಷ್ಟು ಖುಷಿಯಾಯಿತು. ತಾನು ಪಾರಾದೆ. ಹೇಗೆ ಪಾರಾದೆ ಎಂದು ಕೇಳಿದರೆ ಹೇಳಲು ಬಾರದು, ಆದರೂ ಪಾರಾದೆ.

ನಂದಕುಮಾರ್ ಒಂದು ಮುಷ್ಟಿ ಕಡಲೆಪುರಿ ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸಿ, ಇದ್ದಕ್ಕಿದ್ದಂತೆ ಮುಖ ಗಂಭೀರ ಮಾಡಿದರು. "ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಆ ಟವರಿಗೆ ಬಾಳೆಕಂದು ಕಟ್ಟೋ ಯೋಚ್ನೆ ಯಾರದ್ದು?"

ಸಾಹೇಬರಿಗೆ ಎಲ್ಲ ಗೊತ್ತಾಗಿದೆ! ಇಷ್ಟು ಹೊತ್ತು ನಗುತ್ತಿದ್ದದ್ದು ಬಾಯಿ ಬಿಡಿಸಲು! ಸೋಮನಾಥ ಒಂದು ಕ್ಷಣವೂ ತಡೆಯಲಿಲ್ಲ.

"ನಂದಲ್ರೀ ಸರ್! ನಮ್ಮ ದಿನಗೂಲಿ ಮುನೇಶಂದು. ಹತ್ತಿದಾಂವ ಅವ, ಕಟ್ಟಿದಾಂವ ಅವ. ನನಗ ಗೊತ್ತ ಇರಲಿಲ್ರಿ. ದೇವರಾಣಿ, ನಂದು ಅದರಾಗ ಏನೂ ಇಲ್ಲ."

"ಹಾಗಾದ್ರೆ ನೀವ್ ಯಾಕ್ ಹತ್ತಿದ್ರಿ?"

"ಅದು... ಸಡಿಲ ಆಗಿತ್ರಿ."

ನಂದಕುಮಾರ್ ಉಳಿದಿಬ್ಬರ ಕಡೆ ತಿರುಗಿ ಮೆಲ್ಲಗೆ ಏನೋ ಮಾತಾಡಿದರು. ಆಮೇಲೆ ಎದ್ದು ಬಂದು ಸೋಮನಾಥನ ಕರೆ ಹತ್ತಿದ ಕೈ ಕುಲುಕಿದರು.

"ಬೇರೆಯವ್ರು ಮಾಡಿದ್ ಕೆಲ್ಸಾನ ತನ್ನದು ಅನ್ನದೇ ಇರೋ ಅಧಿಕಾರಿನ ನಾನ್ ಇವತ್ತೇ ನೋಡಿದ್ದು. ನಮಗೂ ಸುಲಭ ಮಾಡ್ಕೊಟ್ರಿ. ನೋಡಿ, ವಿಭಾಗಕ್ಕೆ ಇರೋದು ಒಂದೇ ಹುದ್ದೆ. ಬರೋವಾಗ ನಿಮ್ಗೇ ಅಂದ್ಕೊಂಡಿದ್ವಿ. ಆದ್ರೆ ಯಂತ್ರ ಅದರ ಪಾಡಿಗೆ ಅದು ಚೆನ್ನಾಗಿ ಓಡ್ತಿದೆ. ಜೀವದ ಹಂಗು ತೊರೆದು ಟವರ್ ಹತ್ತಿ, ಸಂಸ್ಥೆಯನ್ನ ತನ್ನ ಮನೆ ಅಂದ್ಕೊಂಡು ಪೂಜೆ ಮಾಡೋ ಆ ಮುನೇಶನಂಥವ್ನು ಎಲ್ಲಿ ಸಿಗ್ತಾನೆ? ಅವ್ನಿಗೇ ಕೊಡೋಣ. ನಿಮ್ದು ಹೇಗೂ ಹನ್ನೊಂದು ತಿಂಗಳು ನಡೀತಾನೇ ಇರುತ್ತೆ."

ಸಮಿತಿಯ ಕಾರು ಕುಂಬಳದ ಹೋಳುಗಳನ್ನು ಬಳಸಿಕೊಂಡು ಹೊರಟುಹೋಯಿತು. ಮುನಿಕೃಷ್ಣಪ್ಪ ಆಗಲೇ ಫೋನಿನಲ್ಲಿ ದೊಡ್ಡಬಳ್ಳಾಪುರಕ್ಕೆ ಸುದ್ದಿ ಮುಟ್ಟಿಸುತ್ತಿದ್ದ. ಐದು ನಿಮಿಷದಲ್ಲಿ ಸೋಮನಾಥನ ಫೋನು ಬಡಿದುಕೊಂಡಿತು.

"ಸಾರ್! ನಾನು ಮುನೇಶ! ಖಾಯಂ ಆಗೋಯ್ತಂತೆ ನಂಗೆ! ನೀವೇ ಎಸರು ಏಳಿದ್ರಂತೆ. ನಮ್ಮತ್ತೆ ನಿಮ್ಗೆ ಓಳಿಗೆ ಕಳ್ಸ್ತಾವ್ರೆ ಸಾರ್!"

"ಆತಪಾ, ಛಲೋ ಆತು," ಎಂದ ಸೋಮನಾಥ, ಮೆಟ್ಟಿಲ ಮೇಲೆ ಕೂತು. "ಒಂದ ಕೆಲಸ ಮಾಡು. ಸಂಜಿ ಒಳಗ ಬಂದು ಆ ಬಾಳೆಕಂದು ಬಿಚ್ಚಿ ಹೋಗು. ನಾಳೆ ಮುಂಜಾನೆ ಹಬ್ಬದ ಕಾರ್ಯಕ್ರಮ ಐತಿ."



"ಅದೆಂಗಾಯ್ತದೆ ಸಾರ್? ಖಾಯಂನೋರ್ಗೆ ಅಬ್ಬದ ರಜ ಅಲ್ವಾ," ಎಂದ ಮುನೇಶ ಮೆಲ್ಲಗೆ. "ಕಾಂಟ್ರಾಕ್ಟ್‌ನೋರ್ಗೆ ರಜ ಇಲ್ವಂತಲ್ಲಾ ಸಾರ್. ಯಾರಾದ್ರೂ ಇದ್ರೆ ನೋಡಿ."

ಸೋಮನಾಥ ಫೋನನ್ನು ಜೇಬಿಗೆ ಹಾಕಿಕೊಂಡ. ದಸ್ತಗೀರ್ ಏನೂ ಕೇಳದೆ ಏಣಿಯ ಬುಡಕ್ಕೆ ಹೋಗಿ, ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತ.